ಎಲ್ಲಿಗೆ ಎಂದು ಕೇಳದ ಬಾಗಿಲು

ಪುಷ್ಯ ಮಾಸ, ಭಾನುವಾರ, ಬೆಳಗಿನ ಏಳು ಗಂಟೆ. ಅವರೆಕಾಯಿ ಕಾಲ ಮುಗಿಯುತ್ತ ಬಂದಿತ್ತು. ಶಿರಾ ಸೀಮೆಯ ಹೊಲಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಆ ಹೊತ್ತಿಗೆ ಎರಡು ಟೆಂಪೊ ತುಂಬ ಜನ ಮರಡಿಬಯಲು ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಮುಂದೆ ಇಳಿದರು. ಹೋಗುವವಳು ಒಬ್ಬಳು, ಕಳಿಸುವುದಕ್ಕೆ ಬಂದವರು ಇಪ್ಪತ್ತಾರು ಮಂದಿ.

ಹೋಗುವವಳು ಕೆಂಗಮ್ಮ. ಅರವತ್ತೆಂಟು ವರ್ಷ. ಕುರಿ ಉಣ್ಣೆ ನೂತು ನೂತು ಹೆಬ್ಬೆರಳು ತಟ್ಟೆಯ ಹಾಗೆ ಚಪ್ಪಟೆಯಾದವಳು. ಗಂಡ ಹೋದ ಮೇಲೆ ಮಗ್ಗಕ್ಕೂ ತಾನೇ ಕೂತು ಕಂಬಳಿ ನೇಯ್ದವಳು. ಮಂಗೋಲಿಯಾ ದೇಶದ ಉಲಾನ್‌ಬಾತರ್ ಎಂಬ ಊರಿನಲ್ಲಿ ಜಗತ್ತಿನ ಉಣ್ಣೆ ನೇಯುವವರೆಲ್ಲ ಒಂದು ತಿಂಗಳು ಸೇರುತ್ತಾರೆ, ನಮ್ಮ ಕರಿ ಕಂಬಳಿಯನ್ನು ನೀವು ಬಂದು ನೇಯ್ದು ತೋರಿಸಬೇಕು ಎಂದು ಅವಳಿಗೆ ಕರೆ ಬಂದಿತ್ತು. ಅಲ್ಲೀಗ ನೀರು ಕಲ್ಲಾಗುವ ಚಳಿಯಂತೆ. "ಕಂಬಳಿಗೆ ಸರಿಯಾದ ಊರೇ ಕರೆದೈತೆ ಬಿಡು" ಎಂದು ಊರವರು ನಕ್ಕಿದ್ದರು.

ಕರೆ ಬಂದದ್ದು ಇಬ್ಬರಿಗೆ. ಜೊತೆಗೊಬ್ಬರನ್ನು ಕರೆತರಬಹುದು ಎಂದಿತ್ತು. ಕೆಂಗಮ್ಮ ತನ್ನ ಅಣ್ಣ ಮೈಲಾರಪ್ಪನಿಗೆ ಪಾಸ್‌ಪೋರ್ಟು, ವೀಸಾ ಎಲ್ಲ ಮಾಡಿಸಿಯೇಬಿಟ್ಟಿದ್ದಳು. ಅವನು ಒಪ್ಪಿರಲಿಲ್ಲ.

"ಇನ್ನೂ ಹೊತ್ತು ಮೀರಿಲ್ಲ, ನೀನೂ ಬಾರಣ್ಣ" ಎಂದು ಟೆಂಪೊ ಇಳಿಯುವಾಗಲೂ ಕೇಳಿದಳು.

"ನಾನು ಕಳಿಸೋನು ಕಣೇ. ಹೋಗೋನಲ್ಲ."

ಅವನು ಹಾಗೆ ಹೇಳಿದ್ದಕ್ಕೆ ಕಾರಣ ಇತ್ತು. ಮೈಲಾರಪ್ಪ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಶಿರಾ ಬಸ್‌ಸ್ಟ್ಯಾಂಡಿನಲ್ಲಿ ನಲವತ್ತು ವರ್ಷ ಪ್ರೈವೇಟ್ ಬಸ್ಸುಗಳ ಏಜೆಂಟಾಗಿದ್ದವನು. ಬಸ್ಸಿನ ಬಾಗಿಲ ಹತ್ತಿರ ನಿಂತು, ಅಂಗೈಯಿಂದ ತಗಡು ಬಡಿದು "ಹಿರಿಯೂರು, ಚಿತ್ರದುರ್ಗ, ದಾವಣಗೆರೆ" ಎಂದು ಕೂಗಿ ಜನರನ್ನು ಹತ್ತಿಸುವುದು ಅವನ ಕೆಲಸ. ಡ್ರೈವರಿಲ್ಲದ ಬಸ್ಸುಗಳು ಬಂದು, ಸೀಟು ಫೋನಿನಲ್ಲೇ ಸಿಗುವಂತಾದ ಮೇಲೆ ಕೂಗುವವರು ಬೇಡವಾದರು. ಅಷ್ಟು ವರ್ಷ ಕೂಗಿದ್ದಕ್ಕೋ ಏನೋ, ಎಪ್ಪತ್ತೆರಡರ ಈ ವಯಸ್ಸಿನಲ್ಲಿ ಅವನು ಮಾತಾಡುವುದೇ ಅಪರೂಪ. ಆದರೆ ಮರೆಯುವುದಿಲ್ಲ. ಯಾವ ಇಸವಿಯಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತಿತ್ತು, ಯಾವ ಊರಿನ ಯಾವ ಮುದುಕಿ ಯಾವ ಬಸ್ಸಿಗೆ ಕಾಯುತ್ತಿದ್ದಳು, ಎಲ್ಲ ಇನ್ನೂ ತಲೆಯಲ್ಲಿದೆ. ಲಕ್ಷ ಜನರನ್ನು ಹತ್ತಿಸಿದವನು ತಾನು ಮಾತ್ರ ದಾವಣಗೆರೆ ದಾಟಿರಲಿಲ್ಲ. ಏಜೆಂಟಾದವನು ಬಾಗಿಲವರೆಗೆ ಹೋಗಬೇಕು, ಒಳಗೆ ಕಾಲಿಡಬಾರದು. ಅದು ಅವನು ಕಟ್ಟಿಕೊಂಡ ಶಿಸ್ತು.

ಮರಡಿಬಯಲು ನಿಲ್ದಾಣ ಶುರುವಾಗಿ ಎರಡೂವರೆ ತಿಂಗಳಾಗಿತ್ತು. ಶಿರಾಕ್ಕೂ ಹಿರಿಯೂರಿಗೂ ನಡುವೆ, ಒಂದು ಕಾಲಕ್ಕೆ ಕುರಿ ಬಿಟ್ಟು ಬೇರೇನೂ ಓಡಾಡದ ಬಯಲಿನಲ್ಲಿ, ಈಗ ದಿನಕ್ಕೆ ಆರುನೂರು ವಿಮಾನ. ಅದರೊಳಗೆ ಬೋರ್ಡು ಎಂಬುದೇ ಇಲ್ಲ. ಬೋರ್ಡು ಹಾಕಿ ಪ್ರಯೋಜನವೂ ಇಲ್ಲ. ಜನ ಹೆಚ್ಚಿದ ಕಡೆ ಹಜಾರ ಅಗಲವಾಗುತ್ತದೆ, ಕಡಿಮೆಯಾದ ಕಡೆ ಗೋಡೆ ಸರಿದು ಕಿರಿದಾಗುತ್ತದೆ. ಬೆಳಿಗ್ಗೆ ಎಡಕ್ಕಿದ್ದ ಗೇಟು ಮಧ್ಯಾಹ್ನ ಬಲಕ್ಕಿರುತ್ತದೆ. ಅದಕ್ಕೇ 'ಜಾಡು' ಎಂಬ ಯಂತ್ರ ಮಾಡಿದ್ದರು. ನಲ್ಲಿಯಿಂದ ಸಣ್ಣಗೆ ನೀರು ಬಿಟ್ಟ ಹಾಗೆ ಅದು ಚಾವಣಿಯಿಂದ ದನಿಯನ್ನು ಒಬ್ಬೊಬ್ಬರ ಕಿವಿಗೆ ಬಿಡುತ್ತದೆ. ನಿಮಗೆ ಕೇಳಿದ್ದು ಪಕ್ಕದವರಿಗೆ ಕೇಳುವುದಿಲ್ಲ. ನೀವು ವಾಹನ ಇಳಿಯುವಾಗ ಆಡಿದ ಎರಡು ಮಾತಿನಿಂದ ನಿಮ್ಮ ಭಾಷೆ ತಿಳಿದುಕೊಂಡು, ಆ ಭಾಷೆಯಲ್ಲೇ ದಾರಿ ಹೇಳುತ್ತದೆ. ಆದರೆ ಅದು ಮೊದಲು ಪ್ರಯಾಣಿಕನನ್ನು ಕೇಳಬೇಕು. ಪ್ರಯಾಣಿಕನ ಮುಖವನ್ನಾಗಲಿ, ಚೀಟಿಯನ್ನಾಗಲಿ ಯಂತ್ರ ಬಾಗಿಲಲ್ಲಿ ಕದ್ದು ನೋಡಬಾರದು ಎಂದು ಕಾನೂನು ಬಂದಿತ್ತು. ಕಾಲು ನೋಡಬಹುದು. ನೆಲದ ಕಲ್ಲುಗಳ ಕೆಳಗೆ ಭಾರ ಅಳೆಯುವ ತಂತಿಗಳಿದ್ದವು. ಯಾರು ನಡೆದರು, ಯಾರು ತಡವರಿಸಿದರು ಎಂಬುದು ಅದರಿಂದಲೇ ತಿಳಿಯುತ್ತಿತ್ತು.

ಆ ಜಾಡಿಗೆ ಕನ್ನಡ ಕಲಿಸಿದವಳು ಕೆಂಗಮ್ಮನ ಮಗಳು ಹಂಸವೇಣಿ. ಮೂರು ವರ್ಷದ ಕೆಲಸ. ಆ ಭಾನುವಾರ ಅವಳು ಕಂಟ್ರೋಲ್ ರೂಮಿನಲ್ಲಿ ಕೂತು, ಪರದೆಯ ಮೇಲೆ ತಾಯಿಯ ಹೆಜ್ಜೆ ಬರುವುದನ್ನು ಕಾಯುತ್ತಿದ್ದಳು.

ನಿಲ್ದಾಣದವರು ಕಳಿಸಿದ್ದ ಎಂಬತ್ತನಾಲ್ಕು ಪುಟದ 'ಪ್ರಯಾಣಿಕರ ಕೈಪಿಡಿ'ಯನ್ನು ಕೆಂಗಮ್ಮ ಮೂರು ಸಲ ಓದಿಸಿ ಕೇಳಿದ್ದಳು. ಕತ್ತರಿ ಎಲ್ಲಿಡಬೇಕು, ಉಪ್ಪಿನಕಾಯಿ ಎಷ್ಟು ಒಯ್ಯಬಹುದು, ಕಿವಿ ಗುಂಯ್‌ಗುಟ್ಟಿದರೆ ಏನು ಮಾಡಬೇಕು, ಎಲ್ಲ ಬಾಯಿಪಾಠ. ಧೈರ್ಯವಾಗಿಯೇ ಗಾಜಿನ ಬಾಗಿಲು ದಾಟಿದಳು. ನಾಲ್ಕು ಹೆಜ್ಜೆ ಇಟ್ಟಳು. ನಿಂತಳು. ತಿರುಗಿ ಹೊರಗೆ ಬಂದಳು.

"ಏನ್ ಮರೆತ್ಯತ್ತೆ?" ಎಂದು ಅಣ್ಣನ ಸೊಸೆ ಓಡಿದಳು.

"ಏನಿಲ್ಲ. ನೀರು ಕೊಡು."

ಕಲ್ಲುಬೆಂಚಿನ ಮೇಲೆ ಕೂತು ನೀರು ಕುಡಿದಳು. ಎದ್ದು ಸೆರಗು ಸರಿಮಾಡಿಕೊಂಡು ಮತ್ತೆ ಹೋದಳು. ಮತ್ತೆ ನಾಲ್ಕು ಹೆಜ್ಜೆ. ಮತ್ತೆ ವಾಪಸ್ಸು. ಮತ್ತೆ ನೀರು. ಮೂರನೇ ಸಲ ತಿರುಗಿ ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಕೈಗಂಟನ್ನು ಬೆಂಚಿನ ಮೇಲಿಟ್ಟು, "ನಡೀರಿ ಮನೆಗೆ. ನಾನು ಹೋಗಲ್ಲ" ಎಂದಳು.

ಇಪ್ಪತ್ತಾರು ಜನ ಇಪ್ಪತ್ತಾರು ಮಾತಾಡಿದರು. ಮೈಲಾರಪ್ಪ ಹೊರಗಿನಿಂದಲೇ ಗಾಜಿನ ಮೂಲಕ ಎಲ್ಲವನ್ನೂ ನೋಡಿದ್ದ. ಹೊರಟವರು ತಿರುಗಿ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡುವುದು ಯಾವಾಗ ಎಂಬುದು ಅವನಿಗೆ ಗೊತ್ತು. ಯಾರೋ ತಡೆದಿರಬೇಕು. ಆದರೆ ತಂಗಿಯ ಹತ್ತಿರ ಯಾರೂ ಸುಳಿದಿರಲಿಲ್ಲ. ಯಾರೂ ಬಾಯಿ ಬಿಟ್ಟಿರಲಿಲ್ಲ.

ಎಂಟೂ ಹತ್ತಕ್ಕೆ ವಿಮಾನ ಅವರ ತಲೆಯ ಮೇಲೆಯೇ ಹಾರಿಹೋಯಿತು.

ಮಧ್ಯಾಹ್ನ ಹಂಸವೇಣಿ ಮನೆಗೆ ಬಂದಳು. ಕೆಂಗಮ್ಮ ಪಡಸಾಲೆಯಲ್ಲಿ ಉಣ್ಣೆ ಹಿಂಜುತ್ತಿದ್ದಳು. ತಲೆ ಎತ್ತಲಿಲ್ಲ.

"ಅಮ್ಮ, ಏನಾಯ್ತು ಹೇಳು. ಮೂರು ಸಲ ತಿರುಗಿ ಹೋದ್ಯಲ್ಲ, ನಾನು ಮೇಲಿಂದ ನೋಡ್ತಿದ್ದೆ."

"ನೀರಡಿಕೆ ಆಯ್ತು."

"ನೀನೂ ಅದನ್ನೇ ಹೇಳ್ತೀಯಲ್ಲಮ್ಮ!" ಹಂಸವೇಣಿ ಅಲ್ಲೇ ಕುಸಿದು ಕೂತಳು. ಮೈಲಾರಪ್ಪನ ಕಡೆ ತಿರುಗಿ, "ಮಾವ, ಎಲ್ಲರೂ ಇದನ್ನೇ ಹೇಳ್ತಾರೆ. ಕನ್ನಡದ ಪ್ರಯಾಣಿಕರಲ್ಲಿ ನೂರಕ್ಕೆ ಮೂವತ್ತೊಂದು ಜನ ಬಾಗಿಲಿಂದ ವಾಪಸ್ ಹೋಗ್ತಾರೆ. ಬೇರೆ ಭಾಷೆಯೋರು ಇಷ್ಟು ಹೋಗಲ್ಲ. ಯಾಕೆ ಅಂದ್ರೆ ನೀರು ಕುಡಿಯೋಕೆ ಅಂತಾರೆ. ಅದಕ್ಕೇ ಬಾಗಿಲ ಒಳಗೆ ಹನ್ನೆರಡು ನೀರಿನ ನಲ್ಲಿ ಹಾಕಿಸಿದ್ವಿ. ಒಬ್ಬರೂ ಅಲ್ಲಿ ಕುಡಿಯಲ್ಲ. ಹೊರಗೇ ಹೋಗ್ತಾರೆ!"

ಮೈಲಾರಪ್ಪ ಸಣ್ಣಗೆ ಕೆಮ್ಮಿದ. ಅದು ಕೆಮ್ಮೋ ನಗುವೋ ತಿಳಿಯಲಿಲ್ಲ.

"ನಗಬೇಡಿ ಮಾವ. ಬಾಗಿಲಲ್ಲಿ ದಿನಾ ನೂಕುನುಗ್ಗಲು, ವಿಮಾನ ತಪ್ಪಿಸಿಕೊಂಡೋರ ಜಗಳ. ಯಂತ್ರ ಮಾಡಿದ ಕಂಪನಿಯೋರು ಕಾಗದ ಬರೆದಿದ್ದಾರೆ. ಗುರುವಾರ ಸಂಜೆಯೊಳಗೆ ಸರಿಹೋಗದಿದ್ರೆ ಕನ್ನಡ ತೆಗೆದುಹಾಕ್ತಾರಂತೆ. ಇಂಗ್ಲಿಷಲ್ಲೇ ಕೇಳಿಸಿಕೊಳ್ಳಲಿ ಅಂತ. ಶಿರಾದ ಮಣ್ಣಲ್ಲಿ ನಿಂತು, ಕನ್ನಡ ಇಲ್ಲ ಅಂದ್ರೆ..."

ಕೆಂಗಮ್ಮನ ಕೈ ನಿಂತಿತು. ಏನೋ ಹೇಳುವುದಕ್ಕೆ ತುಟಿ ತೆರೆದವಳು ಮಗಳ ಮುಖ ನೋಡಿ ಸುಮ್ಮನಾದಳು. ಮೇಳಕ್ಕೆ ಸರಿಯಾಗಿ ಮುಟ್ಟಬೇಕೆಂದರೆ ಅವಳಿಗೂ ಉಳಿದದ್ದು ಅದೇ ಗುರುವಾರದ ಬೆಳಗಿನ ವಿಮಾನ ಒಂದೇ.

ತಂಗಿಯ ತುಟಿ ತೆರೆದು ಮುಚ್ಚಿದ್ದನ್ನು ಮೈಲಾರಪ್ಪ ನೋಡಿದ. ಮಗಳು ಮಾಡಿದ ಯಂತ್ರದ ಮೇಲೆ ತಾಯಿ ದೂರು ಹೇಳಲಾರಳು. ಹೀಗೆಂದುಕೊಂಡು ಅವನು ಎದ್ದು ಚಪ್ಪಲಿ ತೆಗೆದು ಒರೆಸಿಟ್ಟ. ಅಂದರೆ ನಾಳೆ ಎಲ್ಲಿಗೋ ಹೋಗುತ್ತಾನೆ ಎಂದರ್ಥ.

ಸೋಮವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಅವನು ನಿಲ್ದಾಣದ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದ. ತೋವಿನಕೆರೆಯ ದಂಪತಿ ಒಳಗೆ ಹೋಗಿ ತಿರುಗಿ ಬಂದು ಅವನ ಪಕ್ಕದಲ್ಲಿ ಕೂತು ನೀರು ಕುಡಿದರು. ಆಮೇಲೆ ಮಧುಗಿರಿಯ ಮೇಷ್ಟರೊಬ್ಬರು. ಆಮೇಲೆ ಕೋಟು ಹಾಕಿದ ಒಬ್ಬ ಡಾಕ್ಟರು. ಅವರು ಬಾಟಲಿ ತೆಗೆದು ಒಂದೇ ಗುಟುಕು ಕುಡಿದು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ, ಮತ್ತೆ ಒಳಗೆ ಹೋದರು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ತಡೆದದ್ದನ್ನು ಬಾಯಿಬಿಟ್ಟು ಹೇಳಿದರೆ ಅದು ಇನ್ನೂ ಗಟ್ಟಿಯಾಗುತ್ತದಲ್ಲ.

ಹತ್ತು ಗಂಟೆಗೆ ಮೈಲಾರಪ್ಪ ಎದ್ದ. ಬಾಗಿಲು ದಾಟಬಾರದು ಎಂಬ ಶಿಸ್ತನ್ನು ನೆನೆಸಿಕೊಂಡು ಒಂದು ಗಳಿಗೆ ನಿಂತ. ಆಮೇಲೆ ದಾಟಿದ. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ.

ಸರಿಯಾಗಿ ಬೆನ್ನ ಹಿಂದಿನಿಂದ, ಸಕ್ಕರೆ ಸುರಿದಂಥ ಹೆಣ್ಣುದನಿಯೊಂದು ಕೇಳಿತು. "ನಮಸ್ಕಾರ. ಎಲ್ಲಿಗೆ ಹೊರಟಿದ್ದೀರಿ?"

ಮೈಲಾರಪ್ಪ ನಿಂತಲ್ಲೇ ನಿಂತ. ಆಮೇಲೆ ಬಾಯಿಗೆ ಟವೆಲ್ಲು ಹಿಡಿದು ನಕ್ಕ. ಭುಜ ಕುಣಿಯುವಂತೆ ನಕ್ಕ. ಬಾಗಿಲ ಕಾವಲಿನವನು ಗಾಬರಿಯಾಗಿ ಓಡಿಬಂದು, "ಯಾಕಜ್ಜ, ಏನಾಯ್ತು?" ಎಂದ.

"ಏನಿಲ್ಲಪ್ಪ. ನಮ್ಮ ಹಂಸವೇಣಿನ ಕರಿ."

ಕಂಟ್ರೋಲ್ ರೂಮು ನಾಲ್ಕನೇ ಮಹಡಿಯಲ್ಲಿತ್ತು. ಗೋಡೆ ತುಂಬ ಪರದೆ, ಪರದೆ ತುಂಬ ಹೆಜ್ಜೆಗಳು. ಹಸಿರು ಚುಕ್ಕೆ ನಡೆಯುತ್ತಿರುವವರು, ಕೆಂಪು ಚುಕ್ಕೆ ತಿರುಗಿ ಹೋಗುತ್ತಿರುವವರು. ಅಲ್ಲಿಯ ಮುಖ್ಯಸ್ಥರು ವಾದಿರಾಜ ಉಡುಪ ಎಂಬುವರು, ಕುಂದಾಪುರದ ಕಡೆಯವರು. ಅವರು ಮೈಲಾರಪ್ಪನಿಗೆ ಕುರ್ಚಿ ಕೊಟ್ಟರು, ಆದರೆ ಗಡಿಯಾರವನ್ನೂ ನೋಡಿದರು.

"ಮಾವ, ಹೇಳಿ" ಎಂದಳು ಹಂಸವೇಣಿ.

"ನಿನ್ನ ಯಂತ್ರ ಹೊರಟವರನ್ನ ಹಿಂದಿನಿಂದ ಕರೀತೈತೆ. ಕರೆದು 'ಎಲ್ಲಿಗೆ' ಅಂತ ಕೇಳ್ತೈತೆ."

"ಹೌದು. ಕೇಳದೆ ಹೇಗೆ ದಾರಿ ಹೇಳೋದು?"

"ಹೊರಟೋರನ್ನ 'ಎಲ್ಲಿಗೆ' ಅಂತ ಕೇಳ್ತಾರೇನಮ್ಮ? ಹೋಗೋ ಕೆಲಸ ಕೆಡ್ತದೆ ಅಂತ ಮನೇಲಿ ಯಾರೂ ನಿಂಗೆ ಹೇಳಿಲ್ವ? ಕೇಳಿಸಿಕೊಂಡೋನು ತಿರುಗಿ ಬಂದು ಕೂತು ನೀರು ಕುಡಿದೇ ಹೊರಡಬೇಕು. ಹಂಗೆ ಹೊರಟ್ರೆ ನಿನ್ನ ಯಂತ್ರ ಮತ್ತೆ ಕೇಳ್ತೈತೆ. ಮತ್ತೆ ನೀರು. ಪಾಪ, ಜನಕ್ಕೆ ಹೊಟ್ಟೆ ತುಂಬ ನೀರೇ."

ಹಂಸವೇಣಿ ಬಾಯಿಗೆ ಕೈ ಇಟ್ಟುಕೊಂಡಳು. ಐದನೇ ಕ್ಲಾಸಿಗೇ ಹಾಸ್ಟೆಲ್ ಸೇರಿದ ಹುಡುಗಿ. ಯಂತ್ರವನ್ನು ಮೊದಲು ಮಾಡಿದ ಭಾಷೆಯಲ್ಲಿದ್ದ ಪ್ರಶ್ನೆಯನ್ನು ಅವಳು ಹಾಗೇ ಕನ್ನಡಕ್ಕೆ ಇಳಿಸಿದ್ದಳು. ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ.

ಉಡುಪರು ಹುಬ್ಬು ಗಂಟಿಕ್ಕಿದರು. "ಎಂತ ಮಾರಾಯ್ರೆ, ಇಷ್ಟು ದೊಡ್ಡ ನಿಲ್ದಾಣ ಇದರಿಂದ ನಿಲ್ತದಾ? ಇದನ್ನೆಲ್ಲ ನಂಬದ ಓದಿದವರೂ ತಿರುಗಿ ಹೋಗ್ತಾರಲ್ಲ."

"ಸ್ವಾಮಿ, ಕೋಪ ಮಾಡ್ಕೋಬೇಡಿ. ಬೆಳಿಗ್ಗೆ ಮನೆ ಬಿಡುವಾಗ ನಿಮ್ಮನ್ನ ನಿಮ್ಮ ತಾಯಿ ಏನಂತ ಕೇಳ್ತಾರೆ?"

"'ದೂರವಾ ಮಗಾ' ಅಂತಷ್ಟೇ" ಎಂದರು ಉಡುಪರು. ಐವತ್ತೊಂದು ವರ್ಷಗಳಲ್ಲಿ ಅವರ ತಾಯಿ ಒಂದು ದಿನವೂ 'ಎಲ್ಲಿಗೆ' ಎಂದು ಕೇಳಿರಲಿಲ್ಲ. ಯಾಕೆಂದು ಅವರು ಇವತ್ತಿನವರೆಗೆ ಯೋಚಿಸಿರಲೇ ಇಲ್ಲ.

"ಹಾಗಾದ್ರೆ 'ದೂರವಾ' ಅಂತ ಬದಲಾಯಿಸೋಣ" ಎಂದಳು ಹಂಸವೇಣಿ, ಆತುರದಿಂದ.

"ದೂರ ಅಂದ್ರೆ 'ಹೂಂ, ದೂರ' ಅಂತಾರೆ. ಊರು ಗೊತ್ತಾಗ್ತದಾ?" ಎಂದರು ಉಡುಪರು. ಅದೂ ಸರಿಯೇ. ಕೇಳಿದರೆ ಜನ ಹಿಂದಕ್ಕೆ ಹೋಗುತ್ತಾರೆ, ಕೇಳದಿದ್ದರೆ ದಾರಿ ಹೇಳಲಾಗದು. ಇಬ್ಬರೂ ಪರದೆ ನೋಡುತ್ತ ಕೂತರು. ಕೆಂಪು ಚುಕ್ಕೆಗಳು ಹೊರಗೆ ಹೋಗುತ್ತಲೇ ಇದ್ದವು.

ಮೈಲಾರಪ್ಪ ಸಾವಧಾನವಾಗಿ ಹೇಳಿದ. "ನಾನು ನಲವತ್ತು ವರ್ಷದಲ್ಲಿ ಒಬ್ಬರನ್ನೂ 'ಎಲ್ಲಿಗೆ' ಅಂತ ಕೇಳಿಲ್ಲ."

"ಮತ್ತೆ?"

"ಕೂಗ್ತಿದ್ದೆ. ಏಜೆಂಟು ಕೂಗಬೇಕು, ಕೇಳಬಾರದು. ಹಿರಿಯೂರು ಅಂತ ಕೂಗಿದ್ರೆ ಹಿರಿಯೂರಿಗೆ ಹೋಗೋನ ಕಾಲು ತಿರುಗ್ತೈತೆ. ಅವನು ಇನ್ನೂ ತಲೆ ಎತ್ತಿರಲ್ಲ, ಎಲೆ ಅಡಿಕೆ ಹಾಕ್ಕೊಂತಾ ಇರ್ತಾನೆ. ಆದ್ರೆ ಕಾಲ್ಬೆರಳು ನೆಲ ಒತ್ತುತೈತೆ, ಹಿಮ್ಮಡಿ ಏಳ್ತೈತೆ. ಬಾಯಿ ಹೇಳೋ ಮುಂಚೆ ಕಾಲು ಹೇಳ್ತೈತೆ. ಅದನ್ನ ನೋಡಿ ಕೈ ಹಿಡಿದು ಹತ್ತಿಸ್ತಿದ್ದೆ."

ಹಂಸವೇಣಿ ಮೆಲ್ಲನೆ ಎದ್ದು ನಿಂತಳು. ನೆಲದ ತಂತಿಗಳ ಲೆಕ್ಕ ಅವಳಿಗೆ ಗೊತ್ತು. ಕಾಲ್ಬೆರಳು ನೆಲ ಒತ್ತಿದರೆ ಒಂದು ಚಿಟಿಕೆ ಉಪ್ಪಿನಷ್ಟು ಭಾರ ಆಚೀಚೆಯಾದರೂ ಅಲ್ಲಿ ದಾಖಲಾಗುತ್ತದೆ. "ಸರ್, ಕೇಳೋದೇ ಬೇಡ! ಊರಿನ ಹೆಸರು ಕಿವಿಗೆ ಬಿಡೋಣ. ಯಾವ ಹೆಸರಿಗೆ ಭಾರ ಮುಂಗಾಲಿಗೆ ಬರ್ತದೋ ಅದೇ ಅವರ ಊರು."

"ದಿನಕ್ಕೆ ನೂರ ನಲವತ್ತು ಊರಿಗೆ ವಿಮಾನ ಹೋಗ್ತದೆ. ಅಷ್ಟೂ ಕೂಗಿದರೆ ಜನ ನಿದ್ದೆ ಹೋಗ್ತಾರೆ" ಎಂದರು ಉಡುಪರು.

"ಮಧ್ಯಾಹ್ನದ ಬಸ್ಸನ್ನ ಬೆಳಿಗ್ಗೆ ಯಾರು ಕೂಗ್ತಾರೆ ಸ್ವಾಮಿ? ಮುಂದೆ ಹೊರಡೋ ಐದಾರು ಬಸ್ಸು ಕೂಗಿದ್ರೆ ಸಾಕು. ಬೇರೆ ಬಸ್ಸಿನೋನು ಸುಮ್ಮನೆ ಗಂಟಿನ ಮೇಲೆ ಕೂರ್ತಾನೆ. ಆಮೇಲೆ ಅವನಿಗೆ ಕೂಗೋಣ. ಇನ್ನೊಂದು. ಕೂಗೋನು ಬಸ್ಸಿನ ಬಾಗಿಲಲ್ಲಿ ನಿಂತಿರ್ತಾನೆ. ಪ್ಯಾಸೆಂಜರ ಬೆನ್ನ ಹಿಂದೆ ಅಲ್ಲ. ದನಿ ಎದುರಿಂದ ಬರಬೇಕು."

ಉಡುಪರು ಗಡಿಯಾರವನ್ನು ಇನ್ನೊಮ್ಮೆ ನೋಡಿದರು. ಆಮೇಲೆ, "ಗುರುವಾರ ಬೆಳಿಗ್ಗೆ ಒಂದು ಹೊತ್ತು ಕೊಡ್ತೇನೆ. ಒಂದೇ ಹೊತ್ತು. ಕೂಗುವವರು ಯಾರು?" ಎಂದರು.

ಇಬ್ಬರೂ ಮೈಲಾರಪ್ಪನನ್ನೇ ನೋಡಿದರು.

ಮಂಗಳವಾರ ಅವನನ್ನು ಗಾಳಿಯಾಡದ ಕೋಣೆಯೊಂದರಲ್ಲಿ ಕೂರಿಸಿ, ಊರುಗಳ ಪಟ್ಟಿ ಕೊಟ್ಟರು. ಅವನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ದ-ಮಾ-ಮ್. ಮಸ್-ಕ-ತ್. ಮೇಷ್ಟರ ಮುಂದೆ ಪಾಠ ಒಪ್ಪಿಸುವ ಹುಡುಗನ ದನಿ. ಗಂಟಲು ಸವೆದು ಹಳೇ ಬಾಗಿಲಿನ ಹಾಗೆ ಕಿರ್ರೆನ್ನುತ್ತಿತ್ತು. ಇಡೀ ಬೆಳಿಗ್ಗೆ ಹೋಯಿತು, ಒಂದೂ ಹೆಸರು ಕೆಲಸಕ್ಕೆ ಬರಲಿಲ್ಲ.

"ಬೇರೆ ಯಾರನ್ನಾದ್ರೂ ಕರೆಸಲಾ ಮಾವ?" ಎಂದಳು ಹಂಸವೇಣಿ, ನೋಯಿಸಬಾರದೆಂದು ಮೆತ್ತಗೆ.

"ಬೇಡ. ನನಗೊಂದು ಬಸ್ಸು ಬೇಕು."

"ಬಸ್ಸು ಎಲ್ಲಿಂದ ತರ್ಲಿ?"

"ತಗಡಾದ್ರೂ ಸಾಕು ಕಣಮ್ಮ."

ಕೊನೆಗೆ ಸಾಮಾನು ಎಳೆಯುವ ಗಾಡಿಯೊಂದನ್ನು ಅಂಗಳದಲ್ಲಿ ತಂದು ನಿಲ್ಲಿಸಿದರು. ಪಟ್ಟಿಯನ್ನು ಮೈಲಾರಪ್ಪ ಮಡಿಸಿ ಜೇಬಿಗಿಟ್ಟ. ಒಂದು ಸಲ ಓದಿದ್ದು ಅವನಿಗೆ ಸಾಕಾಗಿತ್ತು. ಗಾಡಿಯ ಪಕ್ಕ ನಿಂತು, ಎಡಗೈ ಕಿವಿಗಿಟ್ಟು, ಬಲಗೈಯಿಂದ ತಗಡು ಬಡಿದ. ಡಬ್ ಡಬ್. ಇಪ್ಪತ್ತು ವರ್ಷದಿಂದ ಮಲಗಿದ್ದ ದನಿ ಎದ್ದು ಕೂತಿತು.

"ಮಸ್ಕತ್, ದುಬೈ, ದುಬೈ, ದುಬೈ! ಯಾರ್ರೀ ಸಿಂಗಾಪುರ, ಸಿಂಗಾಪುರ! ನೈರೋಬಿ, ನೈರೋಬಿ, ಸೀಟ್ ಐತೆ ಬನ್ನಿ ನೈರೋಬಿ! ಉಲಾನ್‌ಬಾತರ್, ಬಾತರ್, ಬಾತರ್!"

ಸಾಮಾನು ಹೊರುವವರು ಗಂಟು ಇಳಿಸಿ ನೋಡಿದರು. ಮೇಲಿನ ಕಿಟಕಿಗಳು ತೆರೆದವು. ಅಚ್ಚುಬೆಲ್ಲದ ಹಾಗೆ ಗಟ್ಟಿಯಾಗಿ, ಆದರೆ ಒಳಗೆ ಎಲ್ಲೋ ಆಸೆ ಹುಟ್ಟಿಸುವಂತೆ ಇತ್ತು ಆ ಕೂಗು. ಸುಮ್ಮನೆ ನಿಂತವನಿಗೂ ಒಂದು ಸಲ ಹೋಗಿಬರೋಣವೇ ಅನ್ನಿಸಬೇಕು. ಹಂಸವೇಣಿ ತಗಡಿನ ಸದ್ದನ್ನೂ ಬಿಡದೆ ಮುದ್ರಿಸಿಕೊಂಡಳು.

ಬುಧವಾರ ಪರೀಕ್ಷೆ. ನಿಲ್ದಾಣದ ನಲವತ್ತು ಕೆಲಸಗಾರರನ್ನು ಬಾಗಿಲಲ್ಲಿ ನಡೆಸಿ, ಒಬ್ಬೊಬ್ಬರ ಕಿವಿಗೂ ಊರು ಕೂಗಿಸಿದರು. ನೆಲ ಏನನ್ನೂ ತೋರಿಸಲಿಲ್ಲ. ಒಬ್ಬನ ಕಾಲೂ ಮಿಸುಕಲಿಲ್ಲ. ಹಂಸವೇಣಿಯ ಮುಖ ಸಣ್ಣದಾಯಿತು. "ಇದು ಆಗುವ ಕೆಲಸವಲ್ಲ" ಎಂದು ಉಡುಪರು ಕನ್ನಡಕ ತೆಗೆದರು.

"ಇವ್ರು ಎಲ್ಲಿಗೂ ಹೋಗೋರಲ್ಲ ಸ್ವಾಮಿ" ಎಂದ ಮೈಲಾರಪ್ಪ. "ಹೋಗದೋರ ಕಾಲು ತಿರುಗಲ್ಲ. ನಾನೇ ನಲವತ್ತು ವರ್ಷ ಕೂಗಿದೀನಿ, ನನ್ನ ಕಾಲು ಒಂದು ದಿನ ತಿರುಗಿಲ್ಲ. ನಾಳೆ ನಿಜವಾಗಿ ಹೋಗೋರು ಬರ್ಲಿ, ನೋಡಿ."

"ನಾಳೆ ತಪ್ಪಿದರೆ ಸಂಜೆಗೆ ಕನ್ನಡ ಹೋಗ್ತದೆ, ಗೊತ್ತುಂಟಲ್ಲ?"

"ಗೊತ್ತು."

ಇಷ್ಟಾದ ಮೇಲೆ ಇನ್ನೊಂದು ಕೆಲಸ ಉಳಿದಿತ್ತು. ತಂಗಿಯನ್ನು ಹೊರಡಿಸುವುದು. ಸಂಜೆ ಮನೆಗೆ ಬಂದು ನೋಡಿದರೆ ಕೆಂಗಮ್ಮ ಗಂಟು ಬಿಚ್ಚಿ ಕಂಬಳಿಗಳನ್ನು ಬಿಸಿಲಿಗೆ ಹಾಕಿದ್ದಳು.

"ಮೂರು ಸಲ ತಡೆದೈತಣ್ಣ. ಇನ್ನು ಆ ಬಾಗಿಲು ತುಳಿಯಲ್ಲ."

"ಯಂತ್ರ ಕೇಳ್ತು ಅಂತ ನನಗೆ ಯಾಕೆ ಹೇಳ್ಲಿಲ್ಲ?"

ಕೆಂಗಮ್ಮ ಬೇರೆ ಕಡೆ ನೋಡಿದಳು. "ಮಗೂ ಮೂರು ವರ್ಷ ಕಣ್ಣು ಕಳ್ಕೊಂಡು ಮಾಡೈತೆ. ನಿನ್ನ ಯಂತ್ರಾನೇ ನನಗೆ ಅಡ್ಡ ಬಂತು ಅಂತ ಹೆತ್ತೋಳು ಹೇಳಕಾಗ್ತದಾ?"

ಮೈಲಾರಪ್ಪ ಒಂದು ಕಂಬಳಿಯನ್ನು ತೆಗೆದು ಮಡಿಸಿದ. ಅದರ ಮೇಲೆ ನೂಲುವ ಕದಿರು ಇಟ್ಟು, ಟವೆಲ್ಲಿನಲ್ಲಿ ಗಂಟು ಕಟ್ಟಿ, ತನ್ನ ಹಿಂದೆಯೇ ಬಂದು ನಿಂತಿದ್ದ ಹಂಸವೇಣಿಯ ಕೈಗೆ ಕೊಟ್ಟ. "ಇದನ್ನ ಈ ಗಳಿಗೇಲೇ ನಿನ್ನ ಆಫೀಸಿಗೆ ತಗೊಂಡೋಗಿ ಇಡಮ್ಮ. ಪರಸ್ಥಾನ."

ಒಳ್ಳೆಯ ಗಳಿಗೆಯಲ್ಲಿ ಹೊರಡಲಾಗದವರು ತಮ್ಮ ಗಂಟನ್ನು ಮುಂಚೆಯೇ ಬೇರೆ ಮನೆಯಲ್ಲಿ ಇರಿಸುವುದು ಹಳೇ ಪದ್ಧತಿ. ಗಂಟು ಹೊರಟರೆ ಹೋಗುವವರೂ ಹೊರಟ ಹಾಗೆಯೇ.

"ನೋಡು ಕೆಂಗಿ, ಈಗ ನೀನು ಹೊರಟಾಯ್ತು. ಒಳ್ಳೆ ಗಳಿಗೇಲಿ, ಯಾರೂ ಕೇಳದೆ. ಭಾನುವಾರದ್ದು ಭಾನುವಾರಕ್ಕೆ ಮುಗೀತು. ನಾಳೆ ಬರೋದು ಬರೀ ನಿನ್ನ ಗಂಟಿನ ಹಿಂದೆ."

ಕೆಂಗಮ್ಮ ಮಗಳ ಕೈಯಲ್ಲಿದ್ದ ಗಂಟನ್ನು ನೋಡಿದಳು. "ನೀನೂ ಬಾಗಿಲ ಒಳಗೆ ಬರಬೇಕು. ಹೊರಗೆ ನಿಂತ್ಕೊಂಡು ಕೈ ಬೀಸೋದಲ್ಲ" ಎಂದಳು.

"ಬರ್ತೀನಿ ನಡಿ."

ಗುರುವಾರ ಬೆಳಿಗ್ಗೆ ಏಳು ಗಂಟೆ. ಮತ್ತೆ ಎರಡು ಟೆಂಪೊ, ಈ ಸಲ ಮೂವತ್ತೊಂದು ಜನ. ನಾಲ್ಕನೇ ಮಹಡಿಯಲ್ಲಿ ಹಂಸವೇಣಿ, ಉಡುಪರು, ಪರದೆಯೊಳಗೆ ಕಂಪನಿಯ ಮೂವರು ವಿದೇಶದವರು.

ಅಣ್ಣ ತಂಗಿ ಒಟ್ಟಿಗೇ ಬಾಗಿಲು ದಾಟಿದರು. ಒಂದು, ಎರಡು, ಮೂರು, ನಾಲ್ಕು. ಕೆಂಗಮ್ಮ ಉಸಿರು ಬಿಗಿಹಿಡಿದಳು.

ಹಿಂದಿನಿಂದ ಯಾರೂ ಕರೆಯಲಿಲ್ಲ. ಎದುರಿನಿಂದ, ದೂರದ ಬಸ್ಸಿನ ಬಾಗಿಲಿನಿಂದೆಂಬಂತೆ, ತಗಡು ಬಡಿದ ಸದ್ದು ಬಂತು. ಡಬ್ ಡಬ್. "ಮಸ್ಕತ್, ದುಬೈ, ದುಬೈ! ಯಾರ್ರೀ ಸಿಂಗಾಪುರ!"

"ಅಣ್ಣಾ!" ಕೆಂಗಮ್ಮ ಅವನ ತೋಳು ಹಿಡಿದಳು. "ಇದು ನಿನ್ನ ದನಿ! ನಾನು ಲಂಗ ಹಾಕ್ತಿದ್ದಾಗಿನ ದನಿ!"

"...ಉಲಾನ್‌ಬಾತರ್, ಬಾತರ್, ಬಾತರ್!"

ಅವಳ ಬಲಗಾಲಿನ ಹೆಬ್ಬೆರಳು ನೆಲ ಒತ್ತಿತು. ಹಿಮ್ಮಡಿ ಎದ್ದಿತು. ಅವಳಿಗದು ಗೊತ್ತೇ ಆಗಲಿಲ್ಲ. "ಬನ್ನಿ ತಾಯಿ, ಬನ್ನಿ. ಎಡಗಡೆ ಬನ್ನಿ. ಹೊತ್ತೈತೆ, ನಿಧಾನವಾಗಿ ಬನ್ನಿ" ಎಂದಿತು ದನಿ. ಕೆಂಗಮ್ಮ ನಡೆದಳು. ಐದನೇ ಹೆಜ್ಜೆ, ಆರನೇ ಹೆಜ್ಜೆ. ನೀರಿನ ನಲ್ಲಿಗಳನ್ನು ದಾಟಿ, ಸರಿಯುವ ಗೋಡೆಗಳ ನಡುವೆ, ಸಂತೆಗೆ ಹೋಗುವವಳ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು. ಅವಳ ಹಿಂದೆ ಕೊರಟಗೆರೆಯವರು, ಪಾವಗಡದವರು, ಹರಪನಹಳ್ಳಿಯವರು. ಒಬ್ಬರಿಗೆ ಒಂದು ಊರು ಕೇಳಿಸಿತು, ಇನ್ನೊಬ್ಬರಿಗೆ ಇನ್ನೊಂದು. ಮುದುಕರೊಬ್ಬರು ನಗುತ್ತ, "ಸಿಂಗಾಪುರ ಒಬ್ರಿದೀವಪ್ಪೋ, ಬಿಟ್ಟೋಗಬೇಡಿ!" ಎಂದು ಗಾಳಿಗೆ ಕೂಗಿ ಉತ್ತರ ಕೊಟ್ಟರು.

ಎಂಟೂ ಹತ್ತಕ್ಕೆ ಉಲಾನ್‌ಬಾತರಿನ ವಿಮಾನ ಎದ್ದಿತು. ಕಿಟಕಿ ಪಕ್ಕದಲ್ಲಿ, ಮಗಳ ಆಫೀಸಿನಿಂದ ಬಂದ ಗಂಟನ್ನು ಮಡಿಲಲ್ಲಿಟ್ಟು, ಕರಿ ಕಂಬಳಿ ಹೊದ್ದ ಕೆಂಗಮ್ಮ ಇದ್ದಳು.

ಆ ಬೆಳಿಗ್ಗೆ ಬಂದ ಇನ್ನೂರ ಹದಿನಾಲ್ಕು ಕನ್ನಡದ ಪ್ರಯಾಣಿಕರಲ್ಲಿ ತಿರುಗಿ ಹೋದವರು ಒಬ್ಬರೂ ಇಲ್ಲ. ಪರದೆಯ ಮೇಲೆ ಒಂದೂ ಕೆಂಪು ಚುಕ್ಕೆ ಇರಲಿಲ್ಲ. ಅಷ್ಟೇ ಅಲ್ಲ. ಬೇರೆ ಭಾಷೆಗಳಲ್ಲಿ ಪ್ರಶ್ನೆ ಕೇಳಿ, ಉತ್ತರ ಬಂದು, ದಾರಿ ಹೇಳುವುದಕ್ಕೆ ಅರ್ಧ ನಿಮಿಷ ಬೇಕಾಗುತ್ತಿತ್ತು. ಕನ್ನಡದಲ್ಲಿ ಊರಿನ ಹೆಸರು ಬಾಯಿಂದ ಮುಗಿಯುವಷ್ಟರಲ್ಲಿ ಕಾಲು ಉತ್ತರ ಕೊಟ್ಟಾಗಿರುತ್ತಿತ್ತು. ಕಂಪನಿಯವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಕೊನೆಗೆ ಕೇಳಿದ್ದು ಒಂದೇ ಮಾತು. ಈ ಕೂಗುವ ಪದ್ಧತಿಯನ್ನು ಉಳಿದ ನಲವತ್ತು ಭಾಷೆಗಳಿಗೂ ಕೊಡುವಿರಾ? ಉಡುಪರು ಕನ್ನಡಕ ತೆಗೆದು ಒರೆಸಿದರು. ಕಣ್ಣನ್ನೂ ಒರೆಸಿಕೊಂಡರು. "ನಮ್ಮ ಏಜೆಂಟರನ್ನು ಕೇಳಿ ಹೇಳ್ತೇವೆ" ಎಂದರು.

ಹಂಸವೇಣಿ ಮೆಟ್ಟಿಲು ಹಾರಿ ಹಾರಿ ಕೆಳಗೆ ಓಡಿಬಂದಳು. ಮೈಲಾರಪ್ಪ ಬಾಗಿಲ ಒಳಗೆ ಅದೇ ಕಲ್ಲಿನ ಮೇಲೆ ನಿಂತಿದ್ದ, ಏನನ್ನೋ ಕೇಳಿಸಿಕೊಳ್ಳುತ್ತಿದ್ದವನ ಹಾಗೆ ತಲೆ ಓರೆ ಮಾಡಿಕೊಂಡು.

"ಮಾವ! ಗೆದ್ವಿ ಮಾವ!" ಎಂದು ಅವನ ಎರಡೂ ಕೈ ಹಿಡಿದಳು.

"ಅದಿರ್ಲಿ ಕಣಮ್ಮ. ನಿನ್ನ ಯಂತ್ರ ಒಂದು ಕಡೆ ತಪ್ಪಿದೆ. ನಿಮ್ಮಮ್ಮ ಹೋದ ಮೇಲೂ ವಿಮಾನ ಹಾರೋವರೆಗೂ ಬಿಡ್ಲಿಲ್ಲ. ನನ್ನ ಕಿವೀಲಿ 'ಉಲಾನ್‌ಬಾತರ್, ಎಡಗಡೆ ಬನ್ನಿ ಯಜಮಾನ್ರೇ' ಅಂತ ಹೇಳ್ತಾನೇ ಇತ್ತು."

ಹಂಸವೇಣಿ ಅವನ ಮುಖ ನೋಡಿದಳು. ಮೇಲೆ ಪರದೆಯಲ್ಲಿ ಅವಳು ಅದನ್ನು ಕಂಡೇ ಬಂದಿದ್ದಳು. ಉಲಾನ್‌ಬಾತರ್ ಎಂದಾಗ ಭಾರ ಮುಂದಕ್ಕೆ ಬಂದದ್ದು ಎರಡು ಜೊತೆ ಕಾಲುಗಳದ್ದು.

"ಇವತ್ತು ಅದು ಒಂದು ಸಲಾನೂ ತಪ್ಪಿಲ್ಲ ಮಾವ" ಎಂದಳು.

ಮೈಲಾರಪ್ಪ ಬಗ್ಗಿ ತನ್ನ ಕಾಲು ನೋಡಿಕೊಂಡ. ಬಲಗಾಲಿನ ಹಿಮ್ಮಡಿ ನೆಲ ಬಿಟ್ಟು ಎರಡು ಬೆರಳು ಮೇಲಿತ್ತು.

ಮುಂದಿನ ವಿಮಾನ ಇದ್ದದ್ದು ಮೂರು ದಿನ ಬಿಟ್ಟು. ಮೇಳಕ್ಕೆ ಕರೆದವರು ಅವನಿಗೆಂದು ಇಟ್ಟಿದ್ದ ಸೀಟನ್ನು ಆ ವಿಮಾನಕ್ಕೆ ಬದಲಾಯಿಸಿಕೊಟ್ಟರು. ಟೆಂಪೊ ಹತ್ತುವಾಗ ಊರಿನಲ್ಲಿ ಯಾರೂ ಅವನನ್ನು ಎಲ್ಲಿಗೆ ಎಂದು ಕೇಳಲಿಲ್ಲ. "ದೂರವಾ ಮೈಲಾರಣ್ಣ?" ಎಂದರು, ಅಷ್ಟೆ. "ಹೂಂ, ಸ್ವಲ್ಪ ದೂರ" ಎಂದ.

ಕೆಂಗಮ್ಮ ಹೋದದ್ದು ಗುರುವಾರ. ಮೈಲಾರಪ್ಪ ಹೋದದ್ದು ಭಾನುವಾರ.